ಬೇಲಿ ಬದಿಯ ದತ್ತೂರ, ತುರ್ತು ಕೋಣೆಯ ಅಟ್ರೊಪಿನ್

ಆಗಸ್ಟ್ 3ರಂದು, ಕಕ್ಕಡ ತಿಂಗಳ ಹದಿನೆಂಟರ ದಿನ, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಕುದಿಯುತ್ತದೆ. ಹಸಿರೆಲೆಯ ನೀರು ನೋಡನೋಡುತ್ತ ನೇರಳೆಗೆ ತಿರುಗುತ್ತದೆ. ಹದಿನೆಂಟು ಬಗೆಯ ಮದ್ದು ಆ ದಿನ ಆ ಸೊಪ್ಪಿನೊಳಗೆ ಬಂದು ನೆಲೆಸುತ್ತದೆಂದು ಹಿರಿಯರ ನಂಬಿಕೆ. ಗಿಡದಲ್ಲಿ ಮದ್ದಿದೆ ಎಂದು ಈ ನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಜಿಲ್ಲೆಯ ಮೂಡಣ ಅಂಚಿನಲ್ಲಿ, ಮಳೆ ಕಡಿಮೆಯಾಗುವ ಕುಶಾಲನಗರದ ಕಡೆ, ರಸ್ತೆಯ ಮಗ್ಗುಲಲ್ಲಿ ಇನ್ನೊಂದು ಗಿಡ ನಿಂತಿರುತ್ತದೆ. ಅದಕ್ಕೆ ಹಬ್ಬವಿಲ್ಲ, ಪಾಯಸವಿಲ್ಲ, ದನ ಕೂಡ ಬಾಯಿ ಹಾಕುವುದಿಲ್ಲ. ಬಿಳಿ ತುತ್ತೂರಿ ಹೂ, ಮುಳ್ಳುಕಾಯಿ. ದತ್ತೂರ! ಶಿವರಾತ್ರಿಗೆ ಒಂದೆರಡು ಹೂ ಕಿತ್ತು ಶಿವನಿಗೇರಿಸಿ ಮರೆತುಬಿಡುವ ಈ ಗಿಡದೊಳಗೆ, ನಮ್ಮ ಕಣ್ಣು, ಬಾಯಿ, ಶ್ವಾಸಕೋಶ, ಹೃದಯ, ಕರುಳು, ಮೂತ್ರಕೋಶಗಳಿಗೆಲ್ಲ ಬರುವ ನರದ ಮಾತನ್ನು ಒಂದೇ ಏಟಿಗೆ ತಡೆಯಬಲ್ಲ ಅಣುವೊಂದು ಅಡಗಿದೆ.

ಆ ಅಣು ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಅಲ್ಲಿಂದ ನೀರಿನ ಜೊತೆ ಮೇಲೇರಿ ಎಲೆ, ಹೂ, ಬೀಜಗಳಿಗೆ ಹರಡುತ್ತದೆ. ದತ್ತೂರದ ಬೇರಿಗೆ ಟೊಮೆಟೊ ಕಸಿ ಕಟ್ಟಿ ನೋಡಿದ್ದಾರೆ. ಏನೂ ಅರಿಯದ ಆ ಟೊಮೆಟೊ ಗಿಡದೊಳಗೂ ದತ್ತೂರದ ವಿಷ ಬಂದು ಕೂತಿತ್ತು! ಗಿಡ ತಯಾರಿಸುವ ಈ ವಸ್ತು ಹಯೋಸಯಮಿನ್. ಅದನ್ನು ಬೇರ್ಪಡಿಸಿ ಶುದ್ಧಮಾಡುವಾಗ ಅರ್ಧದಷ್ಟು ಅಣುಗಳು ತಿರುಗಿ ತಮ್ಮದೇ ಕನ್ನಡಿ ಬಿಂಬಗಳಾಗುತ್ತವೆ; ಹಾಗೆ ಬೆರೆತದ್ದೇ ಅಟ್ರೊಪಿನ್. 1831ರಲ್ಲಿ ಮೈನ್ ಎಂಬ ಜರ್ಮನ್ ಔಷಧಕಾರ ಅದನ್ನು ದತ್ತೂರದ ದೂರದ ನಂಟ ಬೆಲ್ಲಡೋನದಿಂದ ಹರಳಾಗಿ ಹೊರತೆಗೆದ. ಆದರೆ ಅದು ದೇಹದಲ್ಲಿ ಮಾಡುವುದೇನು? ಉತ್ತರಕ್ಕೆ ಇನ್ನೂ ತೊಂಬತ್ತು ವರ್ಷ ಕಾಯಬೇಕಾಯಿತು.

1921, ಆಸ್ಟ್ರಿಯಾದ ಗ್ರಾಟ್ಸ್. ಆಟೊ ಲೋವಿ ನಡುರಾತ್ರಿ ಎದ್ದು ಪ್ರಯೋಗವೊಂದನ್ನು ಚೀಟಿಯಲ್ಲಿ ಗೀಚಿ ಮಲಗಿದ. ಬೆಳಗ್ಗೆ ತನ್ನ ಬರಹ ತನಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಯೋಚನೆ ಮತ್ತೆ ಬಂದಾಗ ನೇರ ಪ್ರಯೋಗಾಲಯಕ್ಕೆ ಓಡಿದ. ಎರಡು ಕಪ್ಪೆಯ ಹೃದಯ. ಮೊದಲನೆಯದರ ವೇಗಸ್ ನರವನ್ನು ಕೆರಳಿಸಿದ, ಬಡಿತ ನಿಧಾನವಾಯಿತು. ಅದನ್ನು ಸುತ್ತುವರಿದಿದ್ದ ದ್ರವವನ್ನಷ್ಟೇ ಎರಡನೆಯ ಹೃದಯಕ್ಕೆ ಹನಿಸಿದ. ಅದೂ ನಿಧಾನವಾಯಿತು! ನರ ಅಂಗದೊಡನೆ ಮಾತಾಡುವುದು ರಸಾಯನದ ಮೂಲಕ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ಆ ರಸಾಯನವೇ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ನೊಬೆಲ್ ಹಂಚಿಕೊಂಡರು.

ನರದ ತುದಿಯಿಂದ ಹೊಮ್ಮಿದ ಅಸಿಟೈಲ್‌ಕೋಲಿನ್ ಎದುರಿನ ಕೋಶದ ಮೇಲಿರುವ ಗ್ರಾಹಕವೆಂಬ ಬೀಗವನ್ನು ಕೀಲಿಯಂತೆ ಹೊಕ್ಕು ತಿರುಗಿಸುತ್ತದೆ. ಅಟ್ರೊಪಿನ್ ಮಾಡುವುದು ಇಷ್ಟೇ: ಅದೇ ಬೀಗದ ಕಿಂಡಿಯಲ್ಲಿ ಹೊಕ್ಕು ತಿರುಗದೆ ನಿಲ್ಲುವ ಕೀಲಿಯಂತೆ ಕೂತುಬಿಡುತ್ತದೆ. ಹೊಸದೇನನ್ನೂ ಹೇಳುವುದಿಲ್ಲ, ಹೇಳಬಂದವರನ್ನು ಒಳಗೆ ಬಿಡುವುದಿಲ್ಲ. ಇಂಥ ಔಷಧಗಳ ಇಡೀ ಕುಲಕ್ಕೆ ಆ್ಯಂಟಿಕೋಲಿನರ್ಜಿಕ್ ಎಂದು ಹೆಸರು. ಒಂದೇ ನಂಟಿನ ಐದು ಬಗೆಯ ಗ್ರಾಹಕಗಳು ಮೈಯೆಲ್ಲ ಹರಡಿರುವುದರಿಂದ ಒಂದು ಹನಿಯ ಆಟ ನೋಡಿ: ಕಣ್ಣಿನ ಪಾಪೆ ಅರಳುತ್ತದೆ, ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಶ್ವಾಸನಾಳ ತೆರೆಯುತ್ತದೆ, ಹೃದಯ ಚುರುಕಾಗುತ್ತದೆ, ಕರುಳು ನಿಧಾನಿಸುತ್ತದೆ, ಮೂತ್ರ ತಡೆಯುತ್ತದೆ. ಪ್ರಮಾಣ ಮೀರಿದರೆ ಮೈ ಕಾದು, ಬುದ್ಧಿ ಕದಡಿ, ಇಲ್ಲದ್ದು ಕಾಣತೊಡಗುತ್ತದೆ. ದತ್ತೂರದ ಬೀಜ ತಿಂದವರಿಗೆ ಆಗುವುದೂ ಇದೇ. ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬದಲಾಗುವುದರಿಂದ ಅದನ್ನು ಮನೆಮದ್ದಾಗಿ ಮುಟ್ಟಲೇಬಾರದು. ಆಸ್ಪತ್ರೆಯಲ್ಲಿ ಮಾತ್ರ ಅಳೆದು ತೂಗಿದ ಇದೇ ಲಕ್ಷಣಗಳು ಒಂದೊಂದೂ ಒಂದೊಂದು ಚಿಕಿತ್ಸೆ!

ಸಂಪಾಜೆಯಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಘಾಟಿ ಹತ್ತುವ ಬಸ್ಸನ್ನೇ ತೆಗೆದುಕೊಳ್ಳಿ. ತಿರುವು ಕಳೆದು ತಿರುವು, ಕಿಟಕಿಯ ಪಕ್ಕ ಮುಖ ಬಿಳಿಚಿಕೊಂಡ ಪ್ರಯಾಣಿಕರು. ಒಳಕಿವಿ ತಿರುಗಿದೆ ಎನ್ನುತ್ತದೆ, ಎದುರಿನ ಸೀಟು ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಆ ಜಗಳವನ್ನು ವಾಂತಿಯ ಕೇಂದ್ರಕ್ಕೆ ಮುಟ್ಟಿಸುವ ದಾರಿಯಲ್ಲಿಯೂ ಅಸಿಟೈಲ್‌ಕೋಲಿನ್ ಇದೆ. ದತ್ತೂರದಲ್ಲೇ ಇರುವ ಸ್ಕೊಪೊಲಮಿನ್ ಆ ದಾರಿಯನ್ನು ಮುಚ್ಚುತ್ತದೆ. ಕಿವಿಯ ಹಿಂದೆ ಅಂಟಿಸುವ ಪಟ್ಟಿಯಾಗಿ ಅದು ಹಲವು ದೇಶಗಳಲ್ಲಿ ಸಿಗುತ್ತದೆ. ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಪ್ರೊಮೆಥಜಿನ್ ಗುಳಿಗೆ ಹಿಸ್ಟಮಿನ್ನನ್ನೂ ಅಸಿಟೈಲ್‌ಕೋಲಿನ್ನನ್ನೂ ಒಟ್ಟಿಗೆ ತಡೆಯುತ್ತದೆ. ಅದನ್ನು ಹೊರಡುವ ಮೊದಲೇ ನುಂಗಬೇಕು. ಹೊಟ್ಟೆ ತೊಳಸತೊಡಗಿದ ಮೇಲೆ ಅಷ್ಟಾಗಿ ನಾಟದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ.

ಉಸಿರಿನ ಕತೆ ಇನ್ನೂ ದೂರ ಹೋಗುತ್ತದೆ, ಅದೂ ದಕ್ಷಿಣ ಭಾರತದಿಂದಲೇ! ಇಲ್ಲಿ ಉಬ್ಬಸಕ್ಕೆ ದತ್ತೂರದ ಹೊಗೆ ಸೇದುತ್ತಿದ್ದರು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಮದ್ರಾಸಿನಿಂದ ಆ ಪದ್ಧತಿಯನ್ನು ಬ್ರಿಟನ್ನಿಗೆ ಒಯ್ದ. ಮುಂದೆ ಇಪ್ಪತ್ತನೆಯ ಶತಮಾನದವರೆಗೂ ಯುರೋಪಿನಲ್ಲಿ ಉಬ್ಬಸದ ಸಿಗರೇಟು ಮಾರಾಟವಾಯಿತು. ಹೊಗೆಯಲ್ಲಿ ಗುಣವೂ ಇತ್ತು, ಮತಿಗೆಡಿಸುವ ವಿಷವೂ ಇತ್ತು. ರಸಾಯನ ವಿಜ್ಞಾನಿಗಳು ಮಾಡಿದ ಉಪಾಯ ನನ್ನನ್ನು ಪ್ರತಿಸಲವೂ ಬೆರಗುಗೊಳಿಸುತ್ತದೆ: ಅಟ್ರೊಪಿನ್‌ನ ಸಾರಜನಕಕ್ಕೆ ಇನ್ನೊಂದು ಪುಟ್ಟ ಇಂಗಾಲದ ಗುಂಪನ್ನು ಜೋಡಿಸಿದರು. ಅಷ್ಟಕ್ಕೇ ಅಣುವಿಗೆ ಕಾಯಂ ವಿದ್ಯುದಾವೇಶ ಬಂತು, ಮಿದುಳಿನ ಗಡಿ ದಾಟಲಾಗದಾಯಿತು. ಅದೇ ಇಪ್ರಟ್ರೋಪಿಯಂ. ಅದರ ತಮ್ಮ ಟಯೋಟ್ರೋಪಿಯಂ ಒಮ್ಮೆ ಎಳೆದರೆ ಇಪ್ಪತ್ತನಾಲ್ಕು ಗಂಟೆ ಶ್ವಾಸನಾಳವನ್ನು ತೆರೆದಿಡುತ್ತದೆ. ಸೌದೆ ಒಲೆಯ ಹೊಗೆಯಲ್ಲೋ ಬೀಡಿಯಲ್ಲೋ ಶ್ವಾಸಕೋಶ ಸವೆಸಿಕೊಂಡು, ಕೊಡಗಿನ ಮಳೆಗಾಲದ ಥಂಡಿಯಲ್ಲಿ ಏದುಸಿರುಬಿಡುವ ಹಿರಿಯರ ಕೈಯ ಇನ್‌ಹೇಲರಿನಲ್ಲಿ ದತ್ತೂರದ ಈ ಮೊಮ್ಮಗ ಇರಬಹುದು.

ಇನ್ನು ಕಾಫಿ ತೋಟಕ್ಕೆ ಬನ್ನಿ. 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿರುವ ಚೆಟ್ಟಳ್ಳಿಯ ಸುತ್ತಲ ಅರೇಬಿಕಾ ತೋಟಗಳ ಹಳೆಯ ಶತ್ರು ಬಿಳಿ ಕಾಂಡಕೊರಕ. ಅದಕ್ಕೆ ಕ್ಲೋರ್‌ಪೈರಿಫಾಸ್ ಹೊಡೆಯುತ್ತಿದ್ದರು. ಮೆಣಸಿನ ಬಳ್ಳಿಗೆ, ಏಲಕ್ಕಿಗೆ ಕ್ವಿನಾಲ್‌ಫಾಸ್. ಎರಡೂ ಆರ್ಗನೋಫಾಸ್ಫೇಟ್ ಕುಲದವು. ಅವು ಕೀಟವನ್ನು ಕೊಲ್ಲುವ ಬಗೆ ಕೇಳಿ: ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ಕ್ಷಣವೇ ಅದನ್ನು ಒಡೆದುಹಾಕುವ ಕಿಣ್ವವೊಂದಿದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಕತ್ತರಿಸುತ್ತದೆ. ಈ ವಿಷ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಮನುಷ್ಯನಲ್ಲಿಯೂ ಅದೇ ಕಿಣ್ವ! ಮುಖಕ್ಕೆ ಬಟ್ಟೆಯಿಲ್ಲದೆ, ಗಾಳಿಗೆ ಎದುರಾಗಿ ಸ್ಪ್ರೇ ಮಾಡಿದವರ ಮೈಗೆ, ಅಥವಾ ನೊಂದ ಗಳಿಗೆಯಲ್ಲಿ ಕುಡಿದವರ ಹೊಟ್ಟೆಗೆ ಅದು ಸೇರಿದರೆ ಅಸಿಟೈಲ್‌ಕೋಲಿನ್ ಉಕ್ಕಿ ಹರಿಯುತ್ತದೆ. ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಪಾಪೆ ಚುಕ್ಕಿಯಷ್ಟು, ನಾಡಿ ಕುಸಿತ. ಶ್ವಾಸಕೋಶ ತನ್ನದೇ ಸ್ರಾವದಲ್ಲಿ ಮುಳುಗುತ್ತದೆ.

ಈ ಪಟ್ಟಿಯನ್ನು ದತ್ತೂರದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಸಾಲುಸಾಲಾಗಿ ತಿರುಗುಮುರುಗು! ಆದ್ದರಿಂದಲೇ ತುರ್ತು ಕೋಣೆಯಲ್ಲಿ ಮೊದಲು ಒಡೆಯುವುದು ಅಟ್ರೊಪಿನ್ ಬಾಟಲಿ. ನಮ್ಮಲ್ಲಿ ಸಿಗುವ ಪುಟ್ಟ ಆಂಪೂಲಿನಲ್ಲಿ ಸಾಮಾನ್ಯವಾಗಿ 0.6 ಮಿಲಿಗ್ರಾಂ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅಂಥದೊಂದು ಸಾಕು. ಇಲ್ಲಿ ಮೂರರಿಂದ ಐದು ಒಮ್ಮೆಗೇ ಹೋಗುತ್ತವೆ. ಫಲ ಕಾಣದಿದ್ದರೆ ಐದು ನಿಮಿಷಕ್ಕೆ ಅದರ ಎರಡರಷ್ಟು, ಮತ್ತೈದು ನಿಮಿಷಕ್ಕೆ ಅದರ ಎರಡರಷ್ಟು. ಆರೋಗ್ಯವಂತರನ್ನು ಹುಚ್ಚೆಬ್ಬಿಸುವ ಪ್ರಮಾಣ ಇಲ್ಲಿ ಇನ್ನೂ ಸಾಲದು. ವೈದ್ಯರು ನೋಡುವುದು ಪಾಪೆಯನ್ನಷ್ಟೇ ಅಲ್ಲ; ಸ್ಟೆತಾಸ್ಕೋಪಿಟ್ಟು ಎದೆಯ ಗೊರಗೊರ ನಿಂತಿತೇ, ನಾಡಿ 80 ದಾಟಿತೇ ಎಂದು ಕಾಯುತ್ತಾರೆ. ಎದೆ ತಿಳಿಯಾದ ಮೇಲೂ ಸಣ್ಣಗೆ ಹನಿಸುತ್ತಲೇ ಇರುತ್ತಾರೆ. ಆದರೆ ಕೈಕಾಲಿನ, ಉಸಿರಾಟದ ಸ್ನಾಯುಗಳ ಮೇಲಿನ ಅಸಿಟೈಲ್‌ಕೋಲಿನ್ ಗ್ರಾಹಕ ಬೇರೆಯೇ ಜಾತಿಯದು, ಅಲ್ಲಿ ಅಟ್ರೊಪಿನ್ ನಡೆಯದು. ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರೇ ಗತಿ. ಹಾಗಾಗಿ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಯಾರಿಗಾದರೂ ಹೀಗಾದರೆ ವಿಷ ತಗುಲಿದ ಬಟ್ಟೆ ಕಳಚಿ, ಮೈ ತೊಳೆದು, ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕೀಟನಾಶಕದ ಡಬ್ಬಿಯನ್ನೂ ಜೊತೆಗಿಟ್ಟುಕೊಳ್ಳಿ. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ದಾರಿ ಹಿಡಿಯುತ್ತದೆ.

ಹಿರಿಯರಿರುವ ಮನೆಯವರಿಗೆ ಒಂದು ಮಾತು. ನೆಗಡಿಯ ಕ್ಲೋರ್‌ಫೆನಿರಮಿನ್, ನರನೋವಿನ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್: ಬೇರೆ ಬೇರೆ ಚೀಟಿಯಲ್ಲಿ ಬಂದ ಇವೆಲ್ಲ ಒಳಗೆ ಅಟ್ರೊಪಿನ್ ಕೂರುವ ಅದೇ ಗ್ರಾಹಕಕ್ಕೆ ಬೀಳುತ್ತವೆ. ಅಜ್ಜಿಗೆ ಹಠಾತ್ತನೆ ಮರೆವು, ಮಲಬದ್ಧತೆ, ಗಲಿಬಿಲಿ ಶುರುವಾದರೆ ವಯಸ್ಸಾಯಿತು ಎಂದು ಕೈಬಿಡುವ ಮೊದಲು ಗುಳಿಗೆಗಳನ್ನೆಲ್ಲ ಒಟ್ಟಿಗೆ ವೈದ್ಯರ ಮುಂದೆ ಸುರಿಯಿರಿ. ಮರೆಗುಳಿ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸಲೆಂದೇ ಇರುವ ಔಷಧ; ಅದರ ಜೊತೆಗೆ ಇವನ್ನು ನುಂಗಿದರೆ ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವುತ್ತದೆ.

ಎಲ್ಲಕ್ಕಿಂತ ಹೊಸ ಸೋಜಿಗ ಮಕ್ಕಳ ಕಣ್ಣಿನಲ್ಲಿದೆ. 2012ರಲ್ಲಿ ಸಿಂಗಪುರದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ರಾತ್ರಿ ಒಂದು ಹನಿ, ಶೇಕಡಾ 0.01ರಷ್ಟು ತೆಳುವಾದ ಅಟ್ರೊಪಿನ್ ಮಕ್ಕಳ ಸಮೀಪದೃಷ್ಟಿ ಏರುವುದನ್ನು ನಿಧಾನಗೊಳಿಸುವಂತೆ ಕಂಡಿತು. ಆಮೇಲಿನ ಅಧ್ಯಯನಗಳ ಫಲ ಒಂದೇ ತೆರನಾಗಿ ಬಂದಿಲ್ಲ. ಎಷ್ಟು ತೆಳುವಾದ ಹನಿ ಸರಿ ಎಂಬ ಚರ್ಚೆ ನಡೆದೇ ಇದೆ. ದೂರ-ಹತ್ತಿರ ಹೊಂದಿಸುವ ಕಣ್ಣೊಳಗಿನ ಸ್ನಾಯುವನ್ನು ಸಡಿಲಿಸುವುದರಿಂದಲೇ ಹೀಗೆ ಎಂದು ಮೊದಲು ಎಣಿಸಿದ್ದರು. ಆದರೆ ಕೋಳಿಮರಿಯ ಕಣ್ಣಿನ ಆ ಸ್ನಾಯುವಿನಲ್ಲಿರುವುದು ಅಟ್ರೊಪಿನ್ ನಾಟದ ಜಾತಿಯ ಗ್ರಾಹಕ. ಹಾಗಿದ್ದೂ ಅಟ್ರೊಪಿನ್ ಹಾಕಿದರೆ ಕೋಳಿಮರಿಯ ಕಣ್ಣುಗುಡ್ಡೆ ಉದ್ದವಾಗುವುದು ತಗ್ಗುತ್ತದೆ! ಅಂದರೆ ಈ ಹನಿ ಸ್ನಾಯುವನ್ನು ಬಿಟ್ಟು, ಕಣ್ಣಿನ ಇನ್ಯಾವುದೋ ಪದರದಲ್ಲಿ, ಬೆಳೆಯುವ ಗುಡ್ಡೆಗೆ ಸಾಕು ಎಂದು ಹೇಳುತ್ತಿದೆ. ಅಕ್ಷಿಪಟಲದಲ್ಲೋ, ಅದರ ಹಿಂದಿನ ಬಿಳಿಗೋಡೆಯಲ್ಲೋ ಎಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ.