ಬ್ರೆಡ್ಡಿನಿಂದ ಪಾನಕ: ರಷ್ಯನ್ನರ ಕ್ವಾಸ್

ಒಣಗಿ ಉಳಿದ ಬ್ರೆಡ್ಡನ್ನು ನೀರಿನಲ್ಲಿ ನೆನೆಯಿಸಿ, ಹುಳಿ ಬರಿಸಿ, ಆ ನೀರನ್ನು ಕುಡಿಯುವುದೆಂದರೆ ನಮ್ಮ ಗೃಹಿಣಿಯರು ಮೂಗು ಮುರಿದಾರು. ಆದರೆ ರಾತ್ರಿ ಕಾಸಿದ ರಾಗಿ ಅಂಬಲಿಯನ್ನು ಬೆಳಗಿನವರೆಗೆ ಹುಳಿಯಲು ಬಿಟ್ಟು, ಮಜ್ಜಿಗೆ, ಉಪ್ಪು, ಈರುಳ್ಳಿ ಸೇರಿಸಿ ಕುಡಿದು ಹೊಲಕ್ಕೆ ಹೋದವರ ಮೊಮ್ಮಕ್ಕಳು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ನಮ್ಮ ಒಕ್ಕಲಿಗನಿಗೆ ಅಂಬಲಿ ಹೇಗೋ ರಷ್ಯದ ಒಕ್ಕಲಿಗನಿಗೆ ಕ್ವಾಸ್ ಹಾಗೆ. ಅಲ್ಲಿ ರಾಗಿಯ ಸ್ಥಾನದಲ್ಲಿರುವುದು ರೈ ಎಂಬ ಧಾನ್ಯ. ಗೋಧಿ ಕೈಕೊಡುವ ಚಳಿಯಲ್ಲಿಯೂ ಬಡ ನೆಲದಲ್ಲಿಯೂ ಅದು ಬೆಳೆಯುತ್ತದೆ. ಅದರ ಹಿಟ್ಟಿನಿಂದ ಕಪ್ಪಗೆ, ಭಾರವಾಗಿ, ತುಸು ಹುಳಿಯಾಗಿರುವ ಬ್ರೆಡ್ಡನ್ನು ಮಾಡುತ್ತಾರೆ. ಈ ಬ್ರೆಡ್ಡಿನ ಮಗಳೇ ಕ್ವಾಸ್.

ಇದೇನೂ ಹೊಸ ಪೇಯವಲ್ಲ. ರಷ್ಯನ್ನರ ಅತಿ ಹಳೆಯ ಇತಿವೃತ್ತವು 996ನೆಯ ಇಸವಿಯ ಸಂಗತಿಗಳನ್ನು ಹೇಳುವಾಗ, ಕೀವಿನ ವ್ಲಾದಿಮಿರ್ ಅರಸನು ಬಡಬಗ್ಗರಿಗೆ ಹಂಚಿಸಿದ ಪದಾರ್ಥಗಳಲ್ಲಿ ರೊಟ್ಟಿ, ಮಾಂಸ, ಮೀನುಗಳೊಡನೆ ಪೀಪಾಯಿಗಟ್ಟಲೆ ಕ್ವಾಸನ್ನೂ ಎಣಿಸುತ್ತದೆ. ಆ ಮಾತಿನ ಮೂಲದಲ್ಲಿರುವ ಅರ್ಥವೂ ಹುಳಿಯೇ. ಸೋವಿಯತ್ ಕಾಲದ ಪಟ್ಟಣಗಳಲ್ಲಿ ಬೇಸಗೆ ಬಂದಿತೆಂದರೆ ಗಾಲಿಗಳ ಮೇಲೆ ಕೂರಿಸಿದ ಹಳದಿ ಪೀಪಾಯಿಗಳು ಬೀದಿಯ ಮೂಲೆಗೆ ಬಂದು ನಿಲ್ಲುತ್ತಿದ್ದವು. ಜನ ಸರದಿಯಲ್ಲಿ ನಿಂತು ಲೋಟಗಟ್ಟಲೆ ಕುಡಿಯುತ್ತಿದ್ದರು, ಮನೆಗೆ ಡಬ್ಬಿಯಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ತಮ್ಮದೆಂಬ ಕಾರಣಕ್ಕೇ ಎಲ್ಲವನ್ನೂ ಹೊಗಳುವವರ ಅಭಿಮಾನಕ್ಕೆ 'ಕ್ವಾಸಿನ ದೇಶಭಕ್ತಿ' ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಜೆಮ್ಸ್ಕಿ ಎಂಬ ಕವಿ ಹೆಸರಿಟ್ಟ. ಅಂಥದೊಂದು ಮಾತು ಕನ್ನಡದಲ್ಲಿ ಹುಟ್ಟದಿರುವುದು ನಮ್ಮ ಸಂಘಗಳ ಭಾಷಣಕಾರರ ಪುಣ್ಯವೆನ್ನಬೇಕು.

ನಮಗೆ ಇನ್ನೊಂದು ನಂಟೂ ಉಂಟು. ಹದಿನೈದನೆಯ ಶತಮಾನದಲ್ಲಿ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಮಾರುವ ಆಸೆಯಿಂದ ಬಹಮನಿ ಸುಲ್ತಾನರ ಬೀದರಿಗೆ ಬಂದು ಅಲ್ಲಿ ಕೆಲಕಾಲ ನಿಂತಿದ್ದ. ಇಲ್ಲಿ ಕುದುರೆಗಳಿಗೆ ಕಡಲೆಯನ್ನೂ ಸಕ್ಕರೆ ಹಾಕಿದ ಖಿಚಡಿಯನ್ನೂ ತಿನ್ನಿಸುತ್ತಾರೆಂದು ಆತ ಬರೆದಿಟ್ಟಿದ್ದಾನೆ. ಕ್ವಾಸಿನ ನಾಡಿನಿಂದ ಬಂದ ಆ ನಾಲಿಗೆಗೆ ಬೀದರಿನ ಬಿಸಿಲಿನಲ್ಲಿ ಏನು ನೆನಪಾಗಿರಬಹುದೆಂದು ನಾವು ಊಹಿಸಬಹುದಷ್ಟೆ.

ಇನ್ನು ಮಾಡುವ ಬಗೆಗೆ ಬರೋಣ. ಮೊದಲನೆಯ ತೊಡಕು ಬ್ರೆಡ್ಡಿನದೇ. ಮುಂಬಯಿ, ಪುಣೆ, ದಿಲ್ಲಿಗಳ ದೊಡ್ಡ ಬೇಕರಿಗಳಲ್ಲಿ ರೈ ಬ್ರೆಡ್ಡು ಸಿಗುತ್ತದೆ. ಆದರೆ ಬಣ್ಣಕ್ಕೆ ಮೋಸಹೋಗಬಾರದು. ಮೈದಾ ಹಿಟ್ಟಿಗೆ ಸುಟ್ಟ ಸಕ್ಕರೆಯ ಬಣ್ಣ ಕೊಟ್ಟರೂ ಬ್ರೆಡ್ಡು ಕಪ್ಪಾಗುತ್ತದೆ. ಚೀಟಿಯಲ್ಲಿ ರೈ ಹಿಟ್ಟಿನ ಹೆಸರು ಮೊದಲು ಬಂದಿದೆಯೇ ಎಂದು ನೋಡಿ ಕೊಳ್ಳತಕ್ಕದ್ದು. ಒಣಗಿದ ಬ್ರೆಡ್ಡು ಆಗಬಹುದು, ಬೂಸಲು ಹಿಡಿದದ್ದು ಎಂದಿಗೂ ಕೂಡದು. ಬೂಸಲು ಬಂದ ತುಂಡನ್ನು ಮಾತ್ರ ಕಿತ್ತೆಸೆದು ಉಳಿದುದನ್ನು ಬಳಸುವ ಉಳಿತಾಯವೂ ಇಲ್ಲಿ ಬೇಡ.

ಅರ್ಧ ಕಿಲೋ ಬ್ರೆಡ್ಡನ್ನು ತುಂಡು ಮಾಡಿ, ಒಲೆಯ ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಕಾಫಿಬೀಜದ ಬಣ್ಣ ಬರುವವರೆಗೆ ಗರಿಗರಿಯಾಗಿ ಹುರಿಯಿರಿ. ಪಾನಕದ ಬಣ್ಣ, ಪರಿಮಳ ಎರಡೂ ಈ ಹುರಿತದಿಂದಲೇ ಬರತಕ್ಕವು. ಸೀದರೆ ಕಹಿ ತಪ್ಪದು. ಅದರ ಮೇಲೆ ನಾಲ್ಕು ಲೀಟರ್ ಕುದಿಯುವ ನೀರು ಹೊಯ್ದು, ಮುಚ್ಚಿ, ನಾಲ್ಕೈದು ಗಂಟೆ ಬಿಡಿ. ಬಳಿಕ ತೆಳು ಬಟ್ಟೆಯಲ್ಲಿ ಸೋಸಿರಿ. ಬಲವಾಗಿ ಹಿಂಡಿದರೆ ನೀರು ಗೊಜ್ಜಾಗುತ್ತದೆ. ಸೋಸಿದ ನೀರು ಬೆರಳಿಗೆ ಹಿತವಾಗುವಷ್ಟು ಬೆಚ್ಚಗಿರುವಾಗ 150 ಗ್ರಾಂ ಸಕ್ಕರೆ, ಅರ್ಧ ಚಮಚ ಒಣ ಯೀಸ್ಟು, ಬೇಕಾದರೆ ನಾಲ್ಕು ಎಲೆ ಪುದೀನ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿಡಿ. ಯೀಸ್ಟು ಸಕ್ಕರೆಯನ್ನು ತಿಂದು ಗಾಳಿಯನ್ನು ಬಿಡುತ್ತದೆ. ಮೊಸರಿನಲ್ಲಿರುವಂಥ ಸೂಕ್ಷ್ಮಜೀವಿಗಳು ಹುಳಿ ತರುತ್ತವೆ. ಹಿಂದಿನ ಸಲದ ಕ್ವಾಸು ಒಂದು ಲೋಟ ಉಳಿದಿದ್ದರೆ ಹೆಪ್ಪು ಹಾಕಿದಂತೆ ಅದನ್ನೂ ಹಾಕಿರಿ, ಹುಳಿ ಚೆನ್ನಾಗಿ ಏರುತ್ತದೆ.

ರಷ್ಯದವರು ಇದನ್ನು ಒಂದು ಇಡೀ ರಾತ್ರಿ ಬಿಡುತ್ತಾರೆ. ಚೆನ್ನೈ, ಮುಂಬಯಿಗಳ ಸೆಕೆಯಲ್ಲಿ ಏಳೆಂಟು ಗಂಟೆ ಧಾರಾಳವಾಯಿತು. ಮೇಲೆ ನೊರೆ ಕಟ್ಟಿ ಹುಳಿವಾಸನೆ ಬಂದೊಡನೆ ಮತ್ತೊಮ್ಮೆ ಸೋಸಿ, ನಾಲ್ಕು ಬೆರಳು ಜಾಗ ಬಿಟ್ಟು ಬಾಟಲಿಗಳಿಗೆ ತುಂಬಿ, ಒಂದೊಂದಕ್ಕೆ ಮೂರು ನಾಲ್ಕು ಒಣದ್ರಾಕ್ಷಿ ಹಾಕಿರಿ. ಗಾಜಿನ ಬಾಟಲಿಗಿಂತ ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯೇ ಲೇಸೆಂಬುದು ನಮ್ಮ ಅಭಿಪ್ರಾಯ. ಒಳಗಿನ ಗಾಳಿ ಹೆಚ್ಚಾದರೆ ಗಾಜು ಒಡೆದು ಸಿಡಿಯುವುದುಂಟು. ಪ್ಲಾಸ್ಟಿಕ್ಕಾದರೋ ಕೈಯಿಂದ ಒತ್ತಿ ನೋಡಬಹುದು. ಎರಡು ಗಂಟೆ ಹೊರಗಿಟ್ಟು, ಬಾಟಲಿ ಗಟ್ಟಿಯಾಯಿತೆನ್ನುವಾಗ ಫ್ರಿಜ್ಜಿಗೆ ಸೇರಿಸಿರಿ. ಮಾರನೆಯ ದಿನ ಕುಡಿಯಲು ಸಿದ್ಧ. ಮೂರು ನಾಲ್ಕು ದಿನದೊಳಗೆ ಮುಗಿಸುವುದು ಮೇಲು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಯೀಸ್ಟು ಕೆಲಸ ಮಾಡಿದಲ್ಲಿ ಮದ್ಯಾಂಶವೂ ತುಸು ಹುಟ್ಟುತ್ತದೆ. ಕ್ವಾಸಿನಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು. ರಷ್ಯದ ಸರಕಾರಿ ಮಾನಕವು 1.2ರ ಮಿತಿಯನ್ನು ಹಾಕಿದೆ. ಮನೆಯಲ್ಲಿ ಅಳೆಯುವ ಉಪಾಯವಿಲ್ಲ. ಸಕ್ಕರೆ ಹೆಚ್ಚಿಸಿದರೆ, ಸೆಕೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದು ಏರುತ್ತದೆ. ರಷ್ಯದಲ್ಲಿ ಮಕ್ಕಳೂ ಕುಡಿಯುತ್ತಾರೆ ನಿಜ. ಆದರೂ ಎಳೆಯ ಮಕ್ಕಳಿಗೆ, ಬಸುರಿಯರಿಗೆ, ಮದ್ಯವನ್ನು ಮುಟ್ಟುವುದಿಲ್ಲವೆಂದು ನೇಮವಿಟ್ಟುಕೊಂಡವರಿಗೆ ಇದನ್ನು ಕೊಡುವುದು ನಮಗೆ ಸರಿಕಾಣದು. ಊರಿನಿಂದ ಬಂದ ಅತ್ತೆಯವರಿಗೆ 'ಇದೊಂದು ಬಗೆಯ ಪಾನಕ' ಎಂದಷ್ಟೇ ಹೇಳಿ ಲೋಟ ಕೈಗಿಟ್ಟು, ಅವರು ಕುಡಿದ ಮೇಲೆ ನಗುವುದು ಮರ್ಯಾದೆಯಲ್ಲ. ಮೊದಲೇ ಹೇಳಿ, ಬೇಕೆಂದರೆ ಕೊಡಿ. ಬೇಡವೆಂದವರಿಗೂ ಮಕ್ಕಳಿಗೂ ಯೀಸ್ಟು ಹಾಕುವ ಮುಂಚೆಯೇ ಎರಡು ಲೋಟ ಬ್ರೆಡ್ಡಿನ ನೀರನ್ನು ಬೇರೆ ತೆಗೆದು, ಸಕ್ಕರೆ, ನಿಂಬೆರಸ ಬೆರೆಸಿ ತಣ್ಣಗೆ ಮಾಡಿಟ್ಟರೆ ಯಾರಿಗೂ ಸಂಕೋಚವಿಲ್ಲ.

ಸಿಹಿ ಕಡಿಮೆ ಮಾಡಿದ ಕ್ವಾಸಿನಿಂದ ರಷ್ಯನ್ನರು ಅಕ್ರೋಷ್ಕಾ ಎಂಬ ತಣ್ಣನೆಯ ಸಾರನ್ನೂ ಮಾಡುತ್ತಾರೆ. ಅವರು ಮಾಂಸ, ಮೊಟ್ಟೆಗಳನ್ನು ಹಾಕುವರು. ಬಿಟ್ಟರೆ ನಷ್ಟವೇನಿಲ್ಲ. ಸಣ್ಣಗೆ ಹೆಚ್ಚಿದ ಸೌತೆಕಾಯಿ, ಮೂಲಂಗಿ, ಬೆಂದ ಆಲೂಗಡ್ಡೆ, ಈರುಳ್ಳಿಸೊಪ್ಪು, ಧಾರಾಳವಾಗಿ ಸಬ್ಬಸಿಗೆ ಸೊಪ್ಪು, ಉಪ್ಪು. ಮೇಲೆ ತಣ್ಣನೆಯ ಕ್ವಾಸು, ಒಂದು ಚಮಚ ಕೆನೆ. ತಂಬುಳಿ ಉಂಡು ಬೆಳೆದವರಿಗೆ ಇದರ ರುಚಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಅನ್ನಕ್ಕೆ ಮಾತ್ರ ಕಲಸಬೇಡಿ, ಹೊಂದುವುದಿಲ್ಲ.