ಬ್ಯಾಟರಿಯನ್ನು ದೂರುವ ಮೊದಲು

ಆರಿದ್ರಾ ಮಳೆ ಹಿಡಿದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ: "ಚಾರ್ಜ್ ಹತ್ತೋದಿಲ್ಲ, ಹತ್ತಿದ್ರೂ ನಿಲ್ಲೋದಿಲ್ಲ." ನಮ್ಮಮ್ಮನ ಐದು ವರ್ಷದ ಫೋನಿನದೂ ಅದೇ ಕಥೆ. "ರಾತ್ರಿಯಿಡೀ ಚಾರ್ಜಿಗಿಟ್ಟಿದ್ದೆ ಕಣೋ, ಬೆಳಿಗ್ಗೆ ನೋಡಿದ್ರೆ ಮೂವತ್ತೇ ಇದೆ. ಬ್ಯಾಟ್ರಿ ಹೋಯ್ತು ಅನ್ಸುತ್ತೆ" ಎಂದಳು.

ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು ಚಾರ್ಜಿಂಗ್ ಕಿಂಡಿಯೊಳಗೆ ನೋಡಿದೆ. ತಳದಲ್ಲಿ ಬೂದು ಬಣ್ಣದ್ದೇನೋ ಒತ್ತಿಕೊಂಡಿತ್ತು. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಕಂಬಳಿಯ ಚೂರಿನಂಥ ತುಣುಕು ಹೊರಬಂತು. ಕಿಸೆಯ ನೂಲು, ಅಡಿಕೆ ಸುಲಿಯುವಾಗಿನ ಧೂಳು ಎಲ್ಲ ಸೇರಿ ಗಟ್ಟಿಯಾದದ್ದು. ಪ್ರತಿ ಸಲ ಕೇಬಲ್ ಚುಚ್ಚುವಾಗಲೂ ಅದನ್ನು ನಾವೇ ಒಳಗೆ ತಳ್ಳಿ ದಮ್ಮಸು ಮಾಡಿರುತ್ತೇವೆ. ಪಿನ್ನು ಕೂದಲೆಳೆಯಷ್ಟು ಹೊರಗುಳಿದರೂ ಸಂಪರ್ಕ ಕೂಡುವುದಿಲ್ಲ. ಈಗ ಕೇಬಲ್ ಟಕ್ಕೆಂದು ಕೂತಿತು. ಬ್ಯಾಟರಿಯ ತಪ್ಪು ಏನೂ ಇರಲಿಲ್ಲ.

ಹಳೆಯ ಫೋನು, ಟ್ಯಾಬ್‌ಗಳ ವಿಷಯದಲ್ಲಿ ನಾನು ಹೇಳಬೇಕೆಂದಿರುವುದು ಇದೇ. ತಪಾಸಣೆ ಹೊರಗಿನಿಂದ ಒಳಗೆ ಸಾಗಬೇಕು. ಸ್ವಿಚ್ ಬೋರ್ಡ್, ಚಾರ್ಜರ್, ಕೇಬಲ್, ಕಿಂಡಿ, ಕೊನೆಗೆ ಬ್ಯಾಟರಿ.

ಬೇರೆ ಪ್ಲಗ್ಗಿಗೆ ಹಾಕಿ ನೋಡುವುದು ಮೊದಲ ಹೆಜ್ಜೆ. "ವೋಲ್ಟೇಜ್ ಇಲ್ಲ, ಅದಕ್ಕೇ ಚಾರ್ಜ್ ಆಗ್ತಿಲ್ಲ" ಎನ್ನುವುದು ನಮ್ಮ ಕಡೆಯ ರೂಢಿ ಮಾತು. ಆದರೆ ಚಾರ್ಜರಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಓದಿ, ಹೆಚ್ಚಿನವುಗಳ ಮೇಲೆ 100ರಿಂದ 240 ವೋಲ್ಟ್ ಎಂದಿರುತ್ತದೆ. ಬಲ್ಬು ಮಂಕಾಗುವಷ್ಟು ವೋಲ್ಟೇಜ್ ಇಳಿದರೂ ಅದು ಕೆಲಸ ಮಾಡುತ್ತದೆ. ಅದನ್ನು ಕೊಲ್ಲುವುದು ಏರಿಕೆ. ಭರಣಿ ಮಳೆಯ ಗುಡುಗು ಸಿಡಿಲಿಗೆ ಲೈನಿನಲ್ಲಿ ಬರುವ ಹೊಡೆತವನ್ನು ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ತಡೆಯಲಾಗದು. ಮೋಡ ಕಟ್ಟುತ್ತಿದ್ದಂತೆ ಚಾರ್ಜರನ್ನು ಕಿತ್ತಿಡಬೇಕು.

ಎರಡನೆಯದು ಕೇಬಲ್. ತೋಟದ ಪಂಪ್‌ಸೆಟ್ ಸ್ಟಾರ್ಟ್ ಆದ ಕೂಡಲೇ ಮನೆಯ ದೀಪ ಕುಗ್ಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತಂತಿ ತೆಳುವಾಗಿ ಉದ್ದವಿದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಕೇಬಲಿನ ರೋಧ ಅರ್ಧ ಓಮ್ ಇದ್ದು 2 ಆಂಪಿಯರ್ ಹರಿದರೆ 1 ವೋಲ್ಟ್ ದಾರಿಯಲ್ಲೇ ಖರ್ಚು. ಚಾರ್ಜರ್ ಕೊಟ್ಟ 5 ವೋಲ್ಟಿನಲ್ಲಿ ಫೋನಿಗೆ ಮುಟ್ಟುವುದು 4. ತುಂಬಿದ ಬ್ಯಾಟರಿಯ ವೋಲ್ಟೇಜೇ 4.2ರ ಆಸುಪಾಸಿನಲ್ಲಿರುವಾಗ 4 ವೋಲ್ಟಿನಿಂದ ಅದನ್ನು ತುಂಬಿಸುವುದು ಹೇಗೆ? ಹಾಗಾಗಿ ಫೋನು ತಾನೇ ಎಳೆದುಕೊಳ್ಳುವ ಕರೆಂಟನ್ನು ತಗ್ಗಿಸಿಕೊಂಡು ತೆವಳುತ್ತದೆ. ಬೇರೆಯವರ ಒಳ್ಳೆಯ ಕೇಬಲ್ ಹಾಕಿ ಹತ್ತು ನಿಮಿಷ ನೋಡಿದರೆ ಉತ್ತರ ಸಿಗುತ್ತದೆ.

ಮೂರನೆಯದು ಕಿಂಡಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ತೀರ್ಥಹಳ್ಳಿ ತಾಲೂಕಿನದು, ಅದಕ್ಕೆ ಪೈಪೋಟಿ ಕೊಡುವ ಹುಲಿಕಲ್ ಹೊಸನಗರದ್ದು. ಇಲ್ಲಿ ಗೋಡೆಯೇ ಬೆವರುತ್ತದೆ. ಒದ್ದೆಯಾದ ಕಿಂಡಿಗೆ ಕರೆಂಟ್ ಹರಿದರೆ ಲೋಹ ತುಕ್ಕು ಹಿಡಿದು ಪಿನ್ನುಗಳ ಮೇಲೆ ಹಸಿರು ಪದರ ಕಟ್ಟುತ್ತದೆ. ತೇವ ಇದೆಯೆಂದು ಫೋನ್ ಎಚ್ಚರಿಸಿದರೆ ಕೇಬಲ್ ತೆಗೆದು, ಕಿಂಡಿ ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗಿಡಿ. ಅಕ್ಕಿ ಡಬ್ಬದಲ್ಲಿ ಹುಗಿದರೆ ಅಕ್ಕಿಯ ಹುಡಿ ಕಿಂಡಿಗೆ ಸೇರುತ್ತದೆ. ಬಚ್ಚಲೊಲೆಯ ಬಳಿ ಒಣಗಿಸುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಸರಿಯಿದ್ದೂ ಚಾರ್ಜ್ ನಿಲ್ಲದಿದ್ದರೆ ನೆಟ್‌ವರ್ಕ್ ನೋಡಬೇಕು. ಗುಡ್ಡಗಳ ನಡುವಿನ ನಮ್ಮ ಮನೆಗಳಲ್ಲಿ ಕಿಟಕಿಯ ದಂಡೆಯ ಮೇಲೆ ಮಾತ್ರ ಸಿಗ್ನಲ್. ಟವರ್ ಹತ್ತಿರವಿದ್ದಾಗ 4ಜಿ ಫೋನಿಗೆ ಒಂದೆರಡು ಮಿಲಿವಾಟ್ ಪ್ರಸಾರವೇ ಸಾಕಾದೀತು. ದೂರವಾದರೆ ಅದು ತನ್ನ ಗರಿಷ್ಠ ಮಿತಿಯಾದ ಸುಮಾರು 200 ಮಿಲಿವಾಟಿನಲ್ಲಿ ಕೂಗಬೇಕು. ಸಿಗ್ನಲ್ ತಪ್ಪಿದಾಗೆಲ್ಲ ಮತ್ತೆ ಟವರ್ ಹುಡುಕಬೇಕು. ಮನೆಯಲ್ಲಿ ವೈಫೈ ಇದ್ದವರು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ ಅದೇ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಈಗ ಬ್ಯಾಟರಿಯ ಸರದಿ. ಲಿಥಿಯಮ್ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದಕ್ಕೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಚಾರ್ಜ್ ಮಾಡುವಾಗ ಲಿಥಿಯಮ್ ಅಯಾನುಗಳು ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಓಡಾಟದಲ್ಲೂ ಒಂದಿಷ್ಟು ಲಿಥಿಯಮ್ ಗ್ರಾಫೈಟಿನ ಮೇಲ್ಮೈಯಲ್ಲಿ ತೆಳು ಪದರವಾಗಿ ಸಿಕ್ಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಹೂಳು ತುಂಬಿದ ಕೆರೆಯ ಹಾಗೆ: ಕೋಡಿ ಬೀಳುತ್ತದೆ ನಿಜ, ನೀರು ಮಾತ್ರ ಮೊದಲಿನಷ್ಟಿಲ್ಲ. ಪರದೆಯ ಮೇಲೆ ಕಾಣುವ 100 ಇಂದಿನ ಕೆರೆಯ ನೂರು, ಕೊಂಡ ದಿನದ್ದಲ್ಲ. ಸುಮಾರು 500 ಸಲ ಪೂರ್ತಿ ತುಂಬಿ ಖಾಲಿಯಾದ ಮೇಲೆ ಸಾಮರ್ಥ್ಯ 80 ಪ್ರತಿಶತಕ್ಕೆ ಇಳಿಯುವುದು ಸಹಜ.

ಮೂವತ್ತು ತೋರಿಸುತ್ತಿದ್ದ ಫೋನ್ ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುವುದು ಮುಪ್ಪಿನ ಖಚಿತ ಲಕ್ಷಣ. ಹಳೆಯ ಬ್ಯಾಟರಿಯ ಒಳರೋಧ ಏರಿರುತ್ತದೆ. ಭಾರ ಬಿದ್ದೊಡನೆ ವೋಲ್ಟೇಜ್ ಕುಸಿದು ಫೋನು ಕೈಚೆಲ್ಲುತ್ತದೆ. ಇಲ್ಲಿಯೂ ಅದೇ ಪಂಪ್‌ಸೆಟ್ಟಿನ ಕಥೆ. ಆಗ ಬ್ಯಾಟರಿ ಬದಲಿಸಲೇಬೇಕು.

2020ರ ಆನ್‌ಲೈನ್ ತರಗತಿಗೆಂದು ಕೊಂಡು, ಆಮೇಲೆ ಬೀರು ಸೇರಿದ ಟ್ಯಾಬ್‌ಗಳದು ಬೇರೆ ಸಮಸ್ಯೆ. ಅವು ಕೂತಲ್ಲೇ ಬರಿದಾಗಿರುತ್ತವೆ. ಒಳಗಿನ ಚಾರ್ಜಿಂಗ್ ಸರ್ಕ್ಯೂಟ್ ಮೊದಲು ಹನಿ ಹನಿಯಾಗಿ ಮಾತ್ರ ಕರೆಂಟ್ ಬಿಡುತ್ತದೆ. ಐದು ನಿಮಿಷಕ್ಕೆ "ಡೆಡ್" ಎಂದು ತೀರ್ಮಾನಿಸದೆ ಕಣ್ಣೆದುರಿನಲ್ಲಿಟ್ಟು ಒಂದೆರಡು ಗಂಟೆ ಕಾಯಿರಿ. ಎತ್ತಿಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಕೆಲವು ತಿಂಗಳಿಗೊಮ್ಮೆ ನೋಡಿ.

ಪರದೆ ಮೇಲೆದ್ದಿದ್ದರೆ, ಹಿಂಬದಿ ಉಬ್ಬಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಒಳಗೆ ಅನಿಲ ತುಂಬಿದೆ, ಅದು ಹೊತ್ತಿಕೊಳ್ಳಬಲ್ಲದು. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಆಫ್ ಮಾಡಿ ರಿಪೇರಿಯವರಿಗೆ ಕೊಡಿ. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ವಿಲೇವಾರಿ ಮಾಡುವ ಹೊಣೆಯನ್ನು ಕೇಂದ್ರದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಬ್ಯಾಟರಿಯನ್ನು ಒಲೆಗೋ ಗೊಬ್ಬರಗುಂಡಿಗೋ ಎಸೆದರೆ ವಿಷ ಸೇರುವುದು ನಮ್ಮದೇ ತೋಟದ ಮಣ್ಣಿಗೆ.

ಫೋನ್ ಹಳೆಯದಾದ ಮಾತ್ರಕ್ಕೆ ಕೆಟ್ಟಿತು ಎನ್ನಬೇಡಿ. ಹೊಸದನ್ನು ಕೊಳ್ಳಲು ಪೇಟೆಗೆ ಹೊರಡುವ ಮೊದಲು ಒಂದು ಟಾರ್ಚು, ಒಂದು ಹಲ್ಲುಕಡ್ಡಿ, ಎರವಲು ತಂದ ಒಂದು ಕೇಬಲ್ ಹಿಡಿದು ಹತ್ತು ನಿಮಿಷ ಕೂತು ನೋಡಿ.