ಕಾಣದ ಗಿರಾಕಿಯ ನಂಬಿಕೆ

ಎಮ್ಮೆ ನೀರಿನಲ್ಲಿರುವಾಗ ದಡದಲ್ಲಿ ನಿಂತು ಅದಕ್ಕೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೊಳ್ಳುವ ವಸ್ತುವನ್ನು ಕಣ್ಣಾರೆ ಕಂಡು, ಕೈಯಿಂದ ಮುಟ್ಟಿ, ನಾಲ್ಕು ಮಾತು ಚೌಕಾಸಿ ಮಾಡಿ ಮನೆಗೆ ತರುವುದೇ ಜಾಣತನವೆಂಬುದು ಅವರ ಮತ. ಇಂದು ನಾವು ನಡೆಯುತ್ತಿರುವ ರೀತಿ ಇದಕ್ಕೆ ತದ್ವಿರುದ್ಧವಾಗಿದೆ. ಜಗಲಿಯ ಮೇಲೆ ಕುಳಿತು ಫೋನಿನಲ್ಲಿ ಚಿತ್ರವನ್ನು ನೋಡಿ ಸೀರೆಯನ್ನೂ ಪಾದರಕ್ಷೆಯನ್ನೂ ತರಿಸುತ್ತೇವೆ. ಇಂಥ ಆನ್‌ಲೈನ್ ಅಂಗಡಿಯನ್ನು ತಾವೇ ತೆರೆಯಬೇಕೆಂಬ ಆಸೆ ನಿಮ್ಮ ಮನೆಯ ತರುಣರಲ್ಲಿಯೋ ಗೃಹಿಣಿಯರಲ್ಲಿಯೋ ಮೂಡಿರಬಹುದು. ತೆರೆಯುವುದು ಸುಲಭ, ಬೆಳೆಸುವುದು ಹೇಗೆ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿವೇಚಿಸೋಣ.

ದೂರದ ವ್ಯಾಪಾರ ನಮಗೆ ತೀರ ಹೊಸದೇನೂ ಅಲ್ಲ. ಪುಸ್ತಕವನ್ನೋ ಔಷಧವನ್ನೋ ವಿ.ಪಿ.ಪಿ. ಮೂಲಕ ತರಿಸಿ, ಅಂಚೆಯಣ್ಣನ ಕೈಗೆ ಹಣ ಕೊಟ್ಟು ಬಿಡಿಸಿಕೊಂಡ ನೆನಪು ನಮ್ಮಲ್ಲಿ ಎಷ್ಟೋ ಮಂದಿಗೆ ಇದೆ. ಕಳಿಸುವವನಿಗೆ ಹಣದ ಭಯ, ತರಿಸುವವನಿಗೆ ಮೋಸದ ಭಯ. ಈ ಎರಡು ಭಯಗಳ ನಡುವೆ ಅಂಚೆ ಇಲಾಖೆ ನಿಂತು ವ್ಯವಹಾರವನ್ನು ಸಾಧ್ಯ ಮಾಡಿತು. ಸಾಧನಗಳು ಬದಲಾದರೂ ಭಯಗಳು ಬದಲಾಗಿಲ್ಲ. ಆದ್ದರಿಂದ ಆನ್‌ಲೈನ್ ವ್ಯಾಪಾರದ ಉಪಾಯಗಳೆಲ್ಲವೂ, ಮುಟ್ಟಿ ನೋಡಲಾಗದ ಗಿರಾಕಿಗೆ ಭರವಸೆ ಕೊಡುವ ಉಪಾಯಗಳೇ ಎಂದು ತಿಳಿಯಬೇಕು.

ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ದೃಷ್ಟಾಂತವಿದೆ. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ತರುಣರಿಬ್ಬರು ಫ್ಲಿಪ್‌ಕಾರ್ಟ್ ಸಂಸ್ಥೆಯನ್ನು ಪ್ರಾರಂಭಿಸಿದರು. ಮೊದಲು ಮಾರಿದ್ದು ಪುಸ್ತಕ. ಏಕೆಂದರೆ ಒಂದು ಗ್ರಂಥದ ಪ್ರತಿ ಎಲ್ಲಿ ಕೊಂಡರೂ ಒಂದೇ. ಮುಟ್ಟಿ ನೋಡುವ ಅಗತ್ಯ ಕಡಿಮೆ. ಪುಸ್ತಕದಂಗಡಿಗಳ ಮುಂದೆ ನಿಂತು ಪುಟಗಳ ನಡುವೆ ಇಡುವ ಗುರುತುಚೀಟಿಗಳನ್ನು ಹಂಚಿ ಅವರು ಪ್ರಚಾರ ಮಾಡಿದರು. ಮೊದಲನೆಯ ಬೇಡಿಕೆ ಮೆಹಬೂಬ್‌ನಗರದಿಂದ ಬಂದಿತು. ಆ ಪುಸ್ತಕ ಸುಲಭವಾಗಿ ದೊರೆಯಲಿಲ್ಲ; ಬೆಂಗಳೂರಿನ ಅಂಗಡಿಗಳಲ್ಲಿ ಹುಡುಕಿ ತಂದು ಕಳಿಸಿದರು. ಅನಂತರ 2010ರಲ್ಲಿ, ಸರಕು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ಜಾರಿಗೆ ತಂದರು. ಹಳೆಯ ವಿ.ಪಿ.ಪಿ. ಹೊಸ ಉಡುಪಿನಲ್ಲಿ ಬಂದಂತಾಯಿತು. ಆನ್‌ಲೈನ್‌ನಲ್ಲಿ ಹಣ ಕಟ್ಟಲು ಅಂಜುತ್ತಿದ್ದವರೂ ಇದರಿಂದ ಕೊಳ್ಳತೊಡಗಿದರು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ ಇದರ ಸುಮಾರು ಶೇಕಡ 77 ಪಾಲನ್ನು 1,600 ಕೋಟಿ ಡಾಲರುಗಳಿಗೆ ಕೊಂಡಿತು.

ಎಡವಿದ ಪ್ರಸಂಗಗಳೂ ಪಾಠ ಹೇಳುತ್ತವೆ. 2014ರ ಅಕ್ಟೋಬರ್ 6ರಂದು ಇದೇ ಸಂಸ್ಥೆ ಭಾರಿ ರಿಯಾಯಿತಿ ಮಾರಾಟವನ್ನು ಸಾರಿತು. ಜನಸಂದಣಿಗೆ ಜಾಲತಾಣ ತತ್ತರಿಸಿತು, ಸರಕು ಬಹುಬೇಗ ಮುಗಿಯಿತು. ಮರುದಿನ ಸ್ಥಾಪಕರು ಗಿರಾಕಿಗಳ ಕ್ಷಮೆ ಯಾಚಿಸಬೇಕಾಯಿತು. ಉಡುಪುಗಳನ್ನು ಮಾರುವ ಮಿಂತ್ರಾ ಸಂಸ್ಥೆ 2015ರಲ್ಲಿ ತನ್ನ ಜಾಲತಾಣವನ್ನು ಮುಚ್ಚಿ, ಆ್ಯಪ್ ಒಂದರಲ್ಲೇ ಮಾರುವೆನೆಂದಿತು. 2016ರಲ್ಲಿ ಜಾಲತಾಣವನ್ನು ಮತ್ತೆ ತೆರೆಯಿತು. ಕರೆದಷ್ಟು ಜನಕ್ಕೆ ಎಲೆ ಹಾಕುವ ಶಕ್ತಿ ಇರಬೇಕು. ಗಿರಾಕಿ ಬರುವ ಬಾಗಿಲನ್ನು ನಾವಾಗಿ ಮುಚ್ಚಬಾರದು.

ಇವು ದೊಡ್ಡವರ ಮಾತಾಯಿತು. ಸಣ್ಣ ವರ್ತಕನ ಗತಿಯೇನು? ಇಳಕಲ್ಲ ಸೀರೆಗಳನ್ನು ಮಾರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಮನೆಗೆ ಬಂದಿದ್ದ. "ಗುರುಗಳ, ಆನ್‌ಲೈನ್‌ದಾಗ ಮಾರಾಟ ಹೆಚ್ಚಾತ್ರಿ, ಗಲ್ಲಾ ಮಾತ್ರ ಖಾಲಿ ಆತ್ರಿ" ಎಂದ. ಅಪ್ಪನ ಕಾಲದ ಅಂಗಡಿಯನ್ನೇ ಮುಚ್ಚಬೇಕಾದೀತೆಂಬ ಚಿಂತೆ ಅವನ ಮುಖದಲ್ಲಿತ್ತು. ಇಬ್ಬರೂ ಕಾಗದ ಹಿಡಿದು ಕುಳಿತೆವು.

ಆ ಲೆಕ್ಕವನ್ನು ತಿಳಿಯಲು ಸುಲಭವಾಗುವಂತೆ ಉದಾಹರಣೆಯ ಅಂಕಿಗಳಲ್ಲಿ ಹೇಳುತ್ತೇನೆ. ಸೀರೆಯ ಮಾರಾಟದ ಬೆಲೆ 1,500 ರೂಪಾಯಿ. ಅಸಲು 1,000, ಕಟ್ಟಿ ಕಳಿಸುವ ಸಾಮಗ್ರಿಗೆ 40, ಮಾರಾಟತಾಣದ ದಲ್ಲಾಳಿ ಮತ್ತು ಸಾಗಾಟಕ್ಕೆ 260, ಜಾಹೀರಾತಿಗೆ 60. ಉಳಿಯುವುದು 140. ಅದೇ ಸೀರೆ ಹಿಂದಿರುಗಿ ಬಂದರೆ, ಹೋಗಿಬರುವ ಸಾಗಾಟಕ್ಕೆ 180, ಸಾಮಗ್ರಿಗೆ 40, ಜಾಹೀರಾತಿಗೆ 60, ಒಟ್ಟು 280 ರೂಪಾಯಿ ನಷ್ಟ. ಒಂದು ವಾಪಸಾತಿ ಎರಡು ಮಾರಾಟಗಳ ಲಾಭವನ್ನು ನುಂಗಿತು. ಹತ್ತು ಸೀರೆ ಕಳಿಸಿ ಮೂರು ಹಿಂದೆ ಬಂದರೆ ಕೊನೆಗೆ ಕೈಯಲ್ಲಿ ನಿಲ್ಲುವುದು ಬರೀ 140 ರೂಪಾಯಿ. ಇದರ ಮೇಲೆ ಸೀರೆಗೆ ನೂರು ರೂಪಾಯಿ ರಿಯಾಯಿತಿ ಕೊಟ್ಟು, ಉಳಿದ ಖರ್ಚು ಹಾಗೆಯೇ ಇದ್ದರೆ, 560 ರೂಪಾಯಿ ಕೈ ಬಿಡುತ್ತದೆ! ಮಾರಾಟ ಹೆಚ್ಚಿದಷ್ಟೂ ನಷ್ಟ ಹೆಚ್ಚುವುದೆಂದರೆ ಇದೇ.

ಸೀರೆಗಳು ಏಕೆ ಹಿಂದಿರುಗುತ್ತಿದ್ದವು? ನೇಕಾರನ ತಪ್ಪಿರಲಿಲ್ಲ. ದೀಪದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ದಾಳಿಂಬೆಯ ಬಣ್ಣ ಇಟ್ಟಿಗೆಯ ಬಣ್ಣವಾಗಿ ಕಾಣುತ್ತಿತ್ತು. ಒಡಲು ಹತ್ತಿಯದೋ ರೇಷ್ಮೆಯದೋ ಬರೆದಿರಲಿಲ್ಲ. ಉದ್ದ ಎಷ್ಟು, ಕುಪ್ಪಸದ ಬಟ್ಟೆ ಸೇರಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅವನು ಹಗಲ ಬೆಳಕಿನಲ್ಲಿ ಹೊಸ ಚಿತ್ರಗಳನ್ನು ತೆಗೆಸಿದ. ಒಡಲಿಗೆ ಸೆರಗನ್ನು ಕುಣಿಕೆ ಹಾಕಿ ಜೋಡಿಸುವ ತೋಪು ತೆನೆಯನ್ನು ಹತ್ತಿರದಿಂದ ತೋರಿಸಿದ. ಅಳತೆಗಳನ್ನು ಕನ್ನಡದಲ್ಲಿಯೂ ಬರೆದ. ರಿಯಾಯಿತಿಯನ್ನು ನಿಲ್ಲಿಸಿದ. ಮೊದಲು ಮಾರಾಟ ತಗ್ಗಿತು; ವಾಪಸಾತಿ ಇನ್ನೂ ಹೆಚ್ಚು ತಗ್ಗಿತು. ಒಮ್ಮೆ ಕೊಂಡು ತೃಪ್ತರಾದವರು ಮಗಳ ಮದುವೆಗೆಂದು ಮತ್ತೆ ಬಂದರು. ಅವರನ್ನು ಕರೆತರಲು ಜಾಹೀರಾತಿನ 60 ರೂಪಾಯಿ ಬೇಕಾಗಲಿಲ್ಲ.

ಇನ್ನು ಕಾಲದ ಗತಿಯನ್ನು ನೋಡೋಣ. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಸಣ್ಣ ಊರಿನವರಿಗೂ ಹಣ ಕಳಿಸುವುದು ಸುಲಭವಾಯಿತು. ಚಲಿಸುವ ಚಿತ್ರದಲ್ಲಿ ಸರಕನ್ನು ಬಿಚ್ಚಿ ತೋರಿಸಿ ಮಾರುವ ಪದ್ಧತಿ ಬೆಳೆಯುತ್ತಿದೆ. ದೊಡ್ಡ ನಗರಗಳಲ್ಲಿ ದಿನಸಿ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಬರುತ್ತದೆ. ಆ ಓಟದಲ್ಲಿ ಸಣ್ಣವರು ಸ್ಪರ್ಧಿಸುವುದು ವಿವೇಕವಲ್ಲ. ಬೇರೆಲ್ಲೂ ಸಿಗದ ಸರಕು, ತಿಳಿದು ಹೇಳುವ ಮಾತು, ಇವೇ ಅವರ ಬಲ. ದೊಡ್ಡ ಮಾರಾಟತಾಣವನ್ನು ಸಂತೆಯೆಂದು ತಿಳಿದು ಅಲ್ಲಿ ಪರಿಚಯ ಮಾಡಿಕೊಳ್ಳಬೇಕು. ಜೊತೆಗೆ ಸ್ವಂತದ್ದೊಂದು ಸಣ್ಣ ಮಳಿಗೆಯನ್ನೂ ಅಂತರಜಾಲದಲ್ಲಿ ಇಟ್ಟುಕೊಳ್ಳಬೇಕು. ಸಂತೆಯ ಸುಂಕ ಏರಿದ ದಿನ ಅದು ಆಸರೆಯಾದೀತು.

ಕಾನೂನಿನ ತಿಳಿವಳಿಕೆಯೂ ಅವಶ್ಯ. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಸರಕಿನ ವರ್ತಕರು, ನಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಜಿ.ಎಸ್.ಟಿ. ನೋಂದಣಿಯಿಲ್ಲದೆ ಬರೀ ದಾಖಲಾತಿ ಸಂಖ್ಯೆಯಿಂದ ಮಾರಾಟತಾಣಗಳಲ್ಲಿ ವ್ಯಾಪಾರ ಮಾಡುವ ಅವಕಾಶ 2023ರ ಅಕ್ಟೋಬರಿನಲ್ಲಿ ದೊರೆಯಿತು. 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ತಾನೇ ಗಿರಾಕಿಯ ವೇಷ ಹಾಕಿ ಹೊಗಳಿಕೆ ಬರೆಯುವಂತಿಲ್ಲ. ದೂರು ತಲುಪಿದೆಯೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೊಳ್ಳುವವರಾಗಿ ನೀವೂ ಇದನ್ನು ನೆನಪಿನಲ್ಲಿಡಿ.

ನಿಮ್ಮ ಮನೆಯವರು ಆನ್‌ಲೈನ್ ಅಂಗಡಿ ತೆರೆಯಹೊರಟರೆ, ಎಷ್ಟು ಮಾರಿದೆ ಎಂದು ಕೇಳುವುದಕ್ಕೆ ಮೊದಲು ಎಷ್ಟು ಹಿಂದಿರುಗಿತು, ಎಷ್ಟು ಜನ ಎರಡನೆಯ ಸಲ ಬಂದರು ಎಂದು ಕೇಳಿ. ನನ್ನ ಶಿಷ್ಯ ಈಗ ಈ ಎರಡು ಅಂಕಿಗಳನ್ನೇ ತಿಂಗಳ ಕೊನೆಗೆ ಖಾತೆಪುಸ್ತಕದ ಮೊದಲ ಸಾಲಿನಲ್ಲಿ ಬರೆಯುತ್ತಾನೆ. ಅಪ್ಪನ ಅಂಗಡಿಯ ಬಾಗಿಲು ಇನ್ನೂ ತೆರೆದೇ ಇದೆ.